ಗೋಣಿಮುಖದವನಿಗೆ ಎಡೆ

ಬಾಳೆ ಎಲೆ ತರುತ್ತೇನೆಂದು ಮನೆಯಿಂದ ಹೊರಬಿದ್ದ ವಾಸು, ಲಂಡನ್ ರೋಡಿನ ತಮಿಳರ ಅಂಗಡಿಯಲ್ಲಿ ಎಲೆ ಕೊಂಡದ್ದಾದ ಮೇಲೂ ಮನೆಯ ಕಡೆ ಕಾಲು ಬಾರದೆ, ವೆಸ್ಟ್ ಕ್ರೋಯ್ಡನ್ನಿನ ಟ್ರ್ಯಾಮ್ ಸ್ಟಾಪಿನ ಬೆಂಚಿನಲ್ಲಿ ಕೂತುಬಿಟ್ಟಿದ್ದ. ಎಲೆಯ ಸುರುಳಿ ತೊಡೆಯ ಮೇಲೆ ಅಡ್ಡ ಮಲಗಿತ್ತು. ಕೈಯಲ್ಲಿ ಫೋನು, ಫೋನಿನಲ್ಲಿ ಒಂದು ಸಿನಿಮಾದ ಕಥೆ. ಒಬ್ಬ ಕಸಾಯಿ, ಅವನ ಮುಖಕ್ಕೆ ಗೋಣಿಚೀಲದ ಮುಸುಕು, ಊರ ಹೊರಗೊಂದು ಮನೆ, ಮನೆಗೊಂದು ನೆಲಮಾಳಿಗೆ ಎನ್ನುವಲ್ಲಿಯವರೆಗೆ ಧೈರ್ಯವಾಗಿಯೇ ಓದಿದ. ನೆಲಮಾಳಿಗೆಯ ಬಾಗಿಲನ್ನು ಒಳಗಿನಿಂದ ಯಾರೋ ಉಗುರಿನಿಂದ ಕೆರೆಯುತ್ತಿದ್ದಾರೆ ಎಂಬ ಸಾಲಿಗೆ ಬಂದಾಗ ಫೋನನ್ನು ಎಲೆಯ ಸುರುಳಿಯೊಳಗೆ ತುರುಕಿದ, ಬುಟ್ಟಿಯೊಳಗೆ ಹಾವಿನ ಮರಿ ಹಾಕಿ ಮುಚ್ಚಳ ಒತ್ತುವವನ ಹಾಗೆ. ಭಾನುವಾರದ ಹನ್ನೊಂದು ಗಂಟೆ. ಎದುರಿಗೆ ಕೆಂಪು ಕೋಟಿನ ಮುದುಕಿಯೊಬ್ಬಳು ಪಾರಿವಾಳಗಳಿಗೆ ಬ್ರೆಡ್ಡು ಹಾಕುತ್ತಿದ್ದಳು. ಇಷ್ಟು ಬೆಳಕಿನಲ್ಲಿ, ಇಷ್ಟು ಜನರ ನಡುವೆ ಓದಿದರೇ ಹೀಗಾದರೆ, ನಾಳೆ ಬೆಳಗಿನ ಜಾವ ಪಾಳಿಗೆ ಹೋಗಿ ಡಿಪೋದಲ್ಲಿ ಖಾಲಿ ಟ್ರ್ಯಾಮಿನೊಳಗೆ ಒಬ್ಬನೇ ಈ ತುದಿಯಿಂದ ಆ ತುದಿಯವರೆಗೆ ಸೀಟು ಬಾಗಿಲು ಪರೀಕ್ಷಿಸುತ್ತ ನಡೆಯುವುದು ಹೇಗೆ ಎಂದು ಯೋಚಿಸಿ, ಕಲಿಯುವ ಆಸೆಯನ್ನು ಅಲ್ಲಿಗೇ ಕೈಬಿಟ್ಟ. ಆದರೆ ಕಲಿಯದೆಯೂ ಗತಿಯಿರಲಿಲ್ಲ. ಇನ್ನೊಂದೂವರೆ ಗಂಟೆಯಲ್ಲಿ ಮಗಳು ಸ್ಮೃತಿ ಸ್ಟ್ಯಾನ್ಮೋರಿನ ಆಕಾಶ್ ಎಂಬ ಗುಜರಾತಿ ಹುಡುಗನನ್ನು ಮೊದಲ ಸಲ ಮನೆಗೆ ಕರೆತರುವವಳಿದ್ದಳು. ಆ ಹುಡುಗ ಹಾರರ್ ಸಿನಿಮಾಗಳಿಗೆ ಶಬ್ದ ಕೂಡಿಸುವ ಕೆಲಸದವನು. ಅವನಿಗೆ ಸ್ಮೃತಿ ಹೇಳಿಬಿಟ್ಟಿದ್ದಳು: ನಮ್ಮಪ್ಪನಷ್ಟು ಹಾರರ್ ಗೊತ್ತಿರುವವರು ಸೌತ್ ಲಂಡನ್ನಿನಲ್ಲೇ ಇಲ್ಲ, ಮನೆಗೆ ಬಾ, ಅವರ ಕಲೆಕ್ಷನ್ ನೋಡು. ಮಾತಿನಲ್ಲಿ ಅರ್ಧ ನಿಜ. ಕಲೆಕ್ಷನ್ ಇತ್ತು. ಮನೆಯ ಸಣ್ಣ ಕೋಣೆಯ ಗೋಡೆಯ ತುಂಬ, ಅಂಗೈಯಗಲದ, ದೊಡ್ಡ ತಲೆಯ, ಗುಂಡು ಕಣ್ಣಿನ, ಮುದ್ದು ಮುದ್ದಾದ ವಿನೈಲ್ ಬೊಂಬೆಗಳು ತಂತಮ್ಮ ಡಬ್ಬಿಗಳ ಪಾರದರ್ಶಕ ಕಿಟಕಿಯಿಂದ ಕತ್ತಿ ಕುಡುಗೋಲು ಹಿಡಿದು ಇಣುಕುತ್ತಿದ್ದವು. ಅವುಗಳ ಪೈಕಿ ಒಂದರ ಸಿನಿಮಾವನ್ನೂ ವಾಸು ಈವರೆಗೆ ನೋಡಿರಲಿಲ್ಲ.

ಶುರುವಾದದ್ದು ಒಂದು ಕುಲಾವಿಯಿಂದ. ಸ್ಮೃತಿಗೆ ಆಗ ಹನ್ನೊಂದೋ ಹನ್ನೆರಡೋ. ಆರು ವರ್ಷದವರೆಗೆ ಕುಂದಾಪುರದಲ್ಲಿ ಬೆಳೆದು ‘ಅಪ್ಪಾ, ಎಂತ ತಂದ್ರಿ’ ಎಂದು ಬಾಗಿಲಿಗೆ ಓಡಿಬರುತ್ತಿದ್ದ ಹುಡುಗಿ ಇಲ್ಲಿಗೆ ಬಂದು ಮೆಲ್ಲಮೆಲ್ಲನೆ ಇಂಗ್ಲಿಷಿಗೆ ದಾಟಿ, ಆ ದಡದಲ್ಲಿ ನಿಂತು ಇವನು ಕನ್ನಡದಲ್ಲಿ ಕೂಗಿದ್ದಕ್ಕೆ ಇಂಗ್ಲಿಷಿನಲ್ಲಿ ಓಗೊಡುವಂತಾಗಿತ್ತು. ಹೈಸ್ಕೂಲು ಸೇರಿದ ಮೇಲೆ ಓಗೊಡುವುದೂ ನಿಂತಿತು, ಭುಜ ಕುಣಿಸುತ್ತಿದ್ದಳು. ಚಾರಿಟಿ ಅಂಗಡಿಯ ಬುಟ್ಟಿಯಲ್ಲಿ ಆ ಬೊಂಬೆ ಕಂಡಾಗ ಅವನಿಗೆ ಅನಿಸಿದ್ದು, ಯಾವುದೋ ಬಡವರ ಮನೆಯ ಶಿಶು, ಚಳಿಗೆ ಗೋಣಿಯ ಬಟ್ಟೆಯಿಂದಲೇ ತಾಯಿ ಕುಲಾವಿ ಹೊಲಿದು ಹಾಕಿದ್ದಾಳೆ ಎಂದು. ಕೈಯಲ್ಲಿದ್ದ ಮಚ್ಚನ್ನು ಗಿಲಕಿ ಅಂದುಕೊಂಡ. ಮಗಳ ಮುಂದೆ ಇಟ್ಟಾಗ ಅವಳು ಕುರ್ಚಿಯಿಂದ ಎದ್ದುಬಿಟ್ಟಳು. ಇದು ಯಾರೆಂದು ನಿನಗೆ ಗೊತ್ತಾ ಅಪ್ಪ, ನನ್ನ ಕ್ಲಾಸಿನಲ್ಲಿ ಯಾರಿಗೂ ಈ ಸಿನಿಮಾ ನೋಡಲು ಬಿಟ್ಟಿಲ್ಲ, ನೀನು ನೋಡಿದ್ದೀಯಾ ಎಂದು ಒಂದೇ ಉಸಿರಿಗೆ ಕೇಳಿದಳು. ತಿಂಗಳುಗಟ್ಟಲೆ ಆದ ಮೇಲೆ ಅವಳು ಅವನನ್ನು ಕಣ್ಣು ತುಂಬಾ ನೋಡಿದ್ದು ಅದೇ ಮೊದಲು. ಕುಲಾವಿ ಅಂದುಕೊಂಡೆ ಎಂದು ಹೇಳಬಹುದಿತ್ತು. ‘ಗೊತ್ತಲ್ದಾ ಮತ್ತೆ’ ಎಂದ. ಮಾತು ಎರಡೇ. ಮುಂದಿನ ಹುಟ್ಟುಹಬ್ಬಕ್ಕೆ ಅವಳು ಕತ್ತರಿ ಹಿಡಿದ ನರ್ಸನ್ನು ತಂದುಕೊಟ್ಟಳು, ಅದರ ಮುಂದಿನ ವರ್ಷ ಕುಡುಗೋಲಿನ ಬೆದರುಬೊಂಬೆಯನ್ನು. ಡಬ್ಬಿ ಬಿಚ್ಚಬಾರದು ಅಪ್ಪ, ಬಿಚ್ಚಿದರೆ ಅದಕ್ಕೆ ಬೆಲೆಯಿಲ್ಲ ಎಂದು ಕಲಿಸಿದಳು. ಅವನೂ ಹುಡುಕಿ ಹುಡುಕಿ ತಂದ. ಅವಳು ಹೇಳುವಾಗ ತಲೆಯಾಡಿಸುತ್ತ ‘ಅದು ಬೇರೆಯೇ ಲೆವೆಲ್ಲು’ ಎನ್ನುವುದನ್ನು ರೂಢಿಸಿಕೊಂಡ. ಹೆಚ್ಚುಕಡಿಮೆ ಎಲ್ಲದಕ್ಕೂ ಅದು ಹೊಂದುತ್ತಿತ್ತು. ಒಟ್ಟಿಗೆ ನೋಡೋಣ ಎಂದಾಗಲೆಲ್ಲ ಅವನಿಗೆ ಶಿಫ್ಟು ಇರುತ್ತಿತ್ತು. ಮಗಳು ನಾಟಿಂಗ್‌ಹ್ಯಾಮಿಗೆ ಓದಲು ಹೋದಾಗಲೂ, ಬಂದು ಗೆಳತಿಯರ ಜೊತೆ ಬೇರೆ ಫ್ಲ್ಯಾಟ್ ಮಾಡಿದಾಗಲೂ, ಫೋನಿನಲ್ಲಿ ಅಮ್ಮನ ಹತ್ತಿರ ಊಟ ತಿಂಡಿ ಮಾತಾಡಿದ ಮೇಲೆ ಅಪ್ಪನಿಗೆ ಕೊಡು ಎನ್ನುವುದಿತ್ತಲ್ಲ, ಅದು ಈ ಬೊಂಬೆಗಳ ದೆಸೆಯಿಂದ. ಇವುಗಳನ್ನು ತೆಗೆದರೆ ಅಪ್ಪ ಮಗಳ ನಡುವೆ ಮಾತಾಡಲು ಇನ್ನೇನು ಉಳಿಯುತ್ತದೆ ಎಂದು ಅವನು ಎಣಿಸಿ ನೋಡಿದ್ದ, ಹವಾಮಾನ ಉಳಿಯುತ್ತಿತ್ತು.

ಹೆಂಡತಿ ವಿಶಾಲಾಕ್ಷಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತು. ಹುಬ್ಬಳ್ಳಿಯವಳು; ಬಾಯಿ ಸಡಿಲ ಬಿಟ್ಟರೆ ಕಷ್ಟವಿತ್ತು, ಆದರೆ ಮಗಳ ಮುಂದೆ ಎಂದೂ ಬಿಟ್ಟಿರಲಿಲ್ಲ. ‘ಬಾತ್‌ರೂಮಿಗೆ ಹೋಗಬೇಕಾದ್ರ ಮನಿ ಲೈಟೆಲ್ಲ ಹಚ್ಚಿಕೊಂಡು ಹೋಗೋ ಹಾರರ್ ಕಲೆಕ್ಟರು ನೀವೊಬ್ಬರ ನೋಡ್ರಿ’ ಎಂದು ಈ ದಿನ ಬೆಳಿಗ್ಗೆಯೂ ಹೂರಣ ತಿರುವುತ್ತ ಅಂದಳು. ಅದು ಅವನು ಹುಟ್ಟಿ ಬೆಳೆದ ರೀತಿ, ಏನು ಮಾಡಲಿಕ್ಕಾಗುತ್ತದೆ. ಗದ್ದೆಬಯಲಿನ ಯಕ್ಷಗಾನದ ಆಟದಲ್ಲಿ ಬಣ್ಣದ ವೇಷ ಬರುವ ಹೊತ್ತು, ದೊಂದಿಗೆ ರಾಳದ ಪುಡಿ ಎರಚಿ ಭಗ್ಗೆಂದು ಬೆಂಕಿಯೆದ್ದು, ಜನರ ಹಿಂದಿನಿಂದಲೇ ಆ ರಕ್ಕಸ ಅಬ್ಬರಿಸಿಕೊಂಡು ಬಂದಾಗ, ಮಾವನ ಹೆಗಲ ಮೇಲೆ ಕೂತಿದ್ದ ವಾಸು ಅಲ್ಲಿಯೇ ಉಚ್ಚೆ ಹೊಯ್ದಿದ್ದ. ಮಾವನ ಬಿಳಿ ಅಂಗಿ. ಮಾವ ಅವನನ್ನು ಇಳಿಸಿ, ಬೈಯದೆ, ಕೈ ಹಿಡಿದು ವೇಷ ಕಟ್ಟುವ ಚೌಕಿಗೆ ಎಳೆದುಕೊಂಡು ಹೋದರು. ಅಲ್ಲಿ ಅದೇ ರಕ್ಕಸ ಕಿರೀಟ ಬಿಚ್ಚಿಟ್ಟು, ಅರ್ಧ ಬಣ್ಣ ಒರೆಸಿದ ಮುಖದಲ್ಲಿ, ತಟ್ಟೆಗೆ ಬಾಯಿ ಹಚ್ಚಿ ಗಂಜಿ ಸುರಿಯುತ್ತಿದ್ದ. ‘ಹೆದ್ರಿದ್ಯಾ ಮಗಾ’ ಎಂದು ಕೇಳಿ ಉಪ್ಪಿನಕಾಯಿ ಮಿಡಿಯೊಂದನ್ನು ಅವನ ಕಡೆ ಚಾಚಿದ. ಸ್ಟಾಪಿಗೆ ಟ್ರ್ಯಾಮು ಬಂತು, ಹೋಯಿತು. ಡ್ರೈವರ್ ಗುರುತಿನವನು, ಕೈ ಎತ್ತಿದ. ವಾಸು ಎಲೆಯ ಸುರುಳಿ ಎತ್ತಿ ತೋರಿಸಿ, ಯಾಕೆ ತೋರಿಸಿದೆನೆಂದು ತಿಳಿಯದೆ ಎದ್ದು ಮನೆಯ ಕಡೆ ನಡೆದ.

ನಡೆಯುತ್ತ ಅತ್ತೆಯ ನೆನಪಾಗಿ ಇನ್ನೊಂದು ಬಗೆಯ ಅಳುಕು ಸೇರಿಕೊಂಡಿತು. ವಿಶಾಲಾಕ್ಷಿಯ ತಾಯಿ ಸುಶೀಲಾಬಾಯಿ ಆಗಸ್ಟಿನಲ್ಲಿ ಮಗಳ ಮನೆ ನೋಡಲು ಬಂದವರು, ಮಲಗುವುದು ಆ ಸಣ್ಣ ಕೋಣೆಯಲ್ಲೇ, ಬೊಂಬೆಗಳ ಜೊತೆ. ಬಂದ ಮಾರನೆಯ ದಿನವೇ ‘ವಾಸು ಅವರ, ಈ ಮಂದಿ ನನ್ನ ಕಡೇನ ನೋಡತಾವಲ್ರೀ’ ಎಂದು ದೂರಿದರು. ಅವರನ್ನು ಹಾಲಿನ ಸೋಫಾಕ್ಕೆ ಸಾಗಿಸಬಹುದಿತ್ತು. ಅದರ ಬದಲು ಅವನು, ಬೆಳಗಿನ ಪಾಳಿ ಮುಗಿಸಿ ಬಂದ ಮಧ್ಯಾಹ್ನ, ಅವರು ಮೆಂತ್ಯದ ಸೊಪ್ಪು ಬಿಡಿಸುತ್ತಿರುವಾಗ ಪಕ್ಕ ಕೂತು, ಹೆದರಬೇಡಿ ಅತ್ತೆ, ಇವರೆಲ್ಲ ಪಾಪದವರು ಎಂದು ಕಥೆ ಕಟ್ಟಲು ತೊಡಗಿದ. ಗೋಣಿಮುಖದವನು ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊರುವವನು. ಸಿಡುಬಿನ ಕಲೆಯ ಮುಖ. ಮದುವೆಯ ಮಾತಾಡಲು ಹೋದ ಮನೆಯಲ್ಲಿ ಹುಡುಗಿ ಕಿಸಕ್ಕೆಂದು ನಕ್ಕಳು, ಅವತ್ತಿನಿಂದ ಮುಖಕ್ಕೆ ಗೋಣಿ. ಆ ಮನೆಯವರು ಎದುರಿಗಿಟ್ಟಿದ್ದ ಹಲಸಿನ ಹಣ್ಣಿನ ಕಡುಬನ್ನು ತಿನ್ನದೆ ಎದ್ದು ಬಂದವನು, ಸಾಯುವವರೆಗೂ ಅದರ ಆಸೆ ಹೋಗಲಿಲ್ಲ. ಕತ್ತರಿ ಹಿಡಿದವಳು ಸೂಲಗಿತ್ತಿ. ಊರಿನ ಮಕ್ಕಳ ಹೊಕ್ಕುಳೆಲ್ಲ ಕತ್ತರಿಸಿದಳು, ತನಗೊಂದಾಗಲಿಲ್ಲ, ಬಾಣಂತಿಯ ಉಂಡೆಯ ವಾಸನೆ ಕುಡಿದು ಬದುಕಿದಳು. ಕುಡುಗೋಲಿನವನು ಯಾರದೋ ಗದ್ದೆ ಕಾದವನು, ಹೊಸ ಅಕ್ಕಿಯ ಊಟಕ್ಕೆ ಅವನನ್ನು ಕರೆಯಲು ಮರೆತರು. ಒದ್ದೆ ಕೂದಲಿನ ಮದುಮಗಳು ಗಂಗೊಳ್ಳಿಯ ಹೊಳೆಯ ಕಡವಿನಲ್ಲಿ ದಿಬ್ಬಣದ ದೋಣಿ ಮಗುಚಿ ಹೋದವಳು. ಸುಶೀಲಾಬಾಯಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಚೆನ್ನಾಗಿ ನಿದ್ದೆ ಬರತೊಡಗಿತು. ಅವನಿಗೂ, ನಿಜ ಹೇಳಬೇಕೆಂದರೆ, ಆ ಕೋಣೆಗೆ ಒಬ್ಬನೇ ಹೋಗುವುದು ಅಂದಿನಿಂದ ಹಗುರವಾಗಿತ್ತು.

ಈ ಭಾನುವಾರ ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಡುವ ದಿನ. ಆಕಾಶ್ ಬರುವ ಸುದ್ದಿ ತಿಳಿದಾಗ ಮನೆಯಲ್ಲಿ ಎರಡು ದಿನ ಅದೇ ಪಂಚಾಯಿತಿ. ‘ಪಿತೃಪಕ್ಷದಾಗ ಯಾರರೆ ವರನ್ನ ಕರೀತಾರೇನು’ ಎಂದು ಸುಶೀಲಾಬಾಯಿ. ಅವನು ವರ ಅಲ್ಲ ಅಜ್ಜಿ, ಊಟಕ್ಕೆ ಬರುತ್ತಿದ್ದಾನೆ ಅಷ್ಟೇ ಎಂದು ಫೋನಿನಲ್ಲಿ ಸ್ಮೃತಿ, ಇಂಗ್ಲಿಷಿನಲ್ಲಿ. ಕೊನೆಗೆ ವಿಶಾಲಾಕ್ಷಿಯೇ ದಾರಿ ಹುಡುಕಿದಳು: ಅವನನ್ನು ಯಾರೂ ಕರೆದಿಲ್ಲ. ಅಮಾವಾಸ್ಯೆಯ ದಿನ ಎಡೆಯ ಹೊತ್ತಿಗೆ ಕರೆಯದೆ ಬಂದವನಿಗೆ ಉಣಬಡಿಸಿದರೆ ಪುಣ್ಯ. ಹಾಗಾಗಿ ಬಾಗಿಲು ತೆರೆದವರು ‘ಓ, ಇದೇನು ಬಂದುಬಿಟ್ಟಿರಿ’ ಎನ್ನಬೇಕು. ಅದನ್ನು ಅನ್ನುವ ಕೆಲಸ ವಾಸುವಿನ ಪಾಲಿಗೆ ಬಂದಿತ್ತು.

ಅವನು ಎಲೆಯೊಂದಿಗೆ ಒಳಗೆ ಬಂದಾಗ ಹಿತ್ತಲ ಬಾಗಿಲ ಬಳಿ, ಕೌನ್ಸಿಲ್ಲಿನ ನೀಲಿ ರೀಸೈಕ್ಲಿಂಗ್ ಬಿನ್ನಿಗೆ ಒರಗಿಸಿ, ನಾಲ್ಕು ಡಬ್ಬಿಗಳು ಚಪ್ಪಟೆಯಾಗಿ ಬಿದ್ದಿದ್ದವು. ಪಾರದರ್ಶಕ ಕಿಟಕಿಗಳನ್ನು ತರಕಾರಿ ಚಾಕುವಿನಿಂದ ನೀಟಾಗಿ ಕೊಯ್ಯಲಾಗಿತ್ತು. ವಾಸುವಿಗೆ ಒಂದು ಕ್ಷಣ ಏನನ್ನು ನೋಡುತ್ತಿದ್ದೇನೆಂದು ಹೊಳೆಯಲಿಲ್ಲ. ಹಾಲಿಗೆ ಬಂದು ನೋಡಿದರೆ, ಗೋಡೆಗೆ ಒರಗಿಸಿದ ಅಪ್ಪ ಅಮ್ಮ, ವಿಶಾಲಾಕ್ಷಿಯ ಅಪ್ಪನ ಫೋಟೋಗಳ ಮುಂದೆ ದೊಡ್ಡ ಎಡೆಯ ಜಾಗ. ಅಲ್ಲಿಂದ ಒಂದು ಮೊಳ ಬಿಟ್ಟು, ಕೆಳದರ್ಜೆಯ ಅತಿಥಿಗಳೆಂಬಂತೆ ಸ್ವಲ್ಪ ಹಿಂದಕ್ಕೆ, ಒಂದು ಮಣೆಯ ಮೇಲೆ ಅವರು ನಾಲ್ವರು. ಪಾತ್ರೆಯ ಸೋಪಿನಿಂದ ತೊಳೆಸಿಕೊಂಡು ಮಿರಮಿರ ಮಿಂಚುತ್ತಿದ್ದರು. ಹಳೆಯ ಎಲೆಯ ತುಂಡುಗಳು ಆಗಲೇ ಅವರ ಮುಂದಿದ್ದವು. ಗೋಣಿಮುಖದವನ ಮುಂದೆ ಟಿನ್ನಿನ ಹಲಸಿನಿಂದ ಮಾಡಿದ ಕಡುಬು. ನರ್ಸಿನ ಮುಂದೆ ಅಂಟಿನ ಉಂಡೆ. ಬೆದರುಬೊಂಬೆಗೆ ಪಾಯಸ, ಮದುಮಗಳಿಗೆ ಹೋಳಿಗೆ.

‘ಅತ್ತೆ, ಇದೆಂತದು’ ಎಂದ.

‘ಯಾಕ, ತಪ್ಪಾತೇನು’ ಸುಶೀಲಾಬಾಯಿ ಮಂಡಿ ಹಿಡಿದುಕೊಂಡು ಎದ್ದರು. ‘ಹಿಂದ ಮುಂದ ಯಾರೂ ಇಲ್ಲದವರಿಗೂ ಇವತ್ತ ಒಂದು ತುತ್ತು ಇಡಬೇಕು. ಆಸೆ ಇಟಗೊಂಡು ಸತ್ತವರು. ಎಷ್ಟು ವರ್ಷ ಡಬ್ಬಿಯೊಳಗ ಕೂಡಿಸೀರಿ ಅವರನ್ನ, ಉಸಿರರೆ ಆಡಬ್ಯಾಡೇನ್ರಿ.’

‘ಉಳಿದವರು?’

‘ಉಳಿದವರಿಗೆ ಏನು ಸೇರತದೋ ನನಗೇನು ಗೊತ್ತು. ನೀವು ಇನ್ನೂ ಹೇಳೇ ಇಲ್ಲ.’

ಸ್ಮೃತಿ ಏನನ್ನುತ್ತಾಳೆ ಎನ್ನುವುದಷ್ಟೇ ಅವನ ತಲೆಯಲ್ಲಿ ಸುತ್ತುತ್ತಿತ್ತು. ಡಬ್ಬಿ ಬಿಚ್ಚಿದ್ದಕ್ಕೆ ಸಿಟ್ಟಾಗುತ್ತಾಳೆ, ಸಿಟ್ಟಾದರೆ ಆಗಲಿ. ಆದರೆ ಅಜ್ಜಿ ಯಾಕೆ ಹೀಗೆ ಮಾಡಿದಳೆಂದು ಕೇಳುತ್ತಾಳೆ, ಕೇಳಿದರೆ ಅಕ್ಕಿ ಮಿಲ್ಲು ಬರುತ್ತದೆ, ಅಕ್ಕಿ ಮಿಲ್ಲಿನ ಹಿಂದೆ ಅಪ್ಪ ಬರುತ್ತಾನೆ, ಕುಲಾವಿಯವರೆಗೆ ಎಲ್ಲ ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ, ಒಂದು ಎಳೆ ಎಳೆದರೆ ಇಡೀ ಚಾಪೆ ಬಿಚ್ಚಿಕೊಳ್ಳುವ ಹಾಗೆ. ಅದೂ ಆ ಹುಡುಗನ ಮುಂದೆ. ಹೊಸಬನ ಎದುರಿಗೆ ಮಗಳು ತಲೆ ತಗ್ಗಿಸುವಂತಾಗುವುದು. ಅವಳ ಮುಖದ ಮೇಲೆ ಹಾದುಹೋಗುವ ಆ ಒಂದು ನೆರಳನ್ನು ಅವನು ಆಗಲೇ ಕಂಡವನಂತೆ ಕೂತ. ಎಲ್ಲವನ್ನೂ ಗುಡಿಸಿ ಮೇಲೆ ಸಾಗಿಸೋಣವೆಂದು ಬಗ್ಗಿದ. ಎಡೆ ಇಟ್ಟದ್ದನ್ನು ಮುಟ್ಟಬಾರದು ಎಂದು ಅಡುಗೆಮನೆಯಿಂದ ವಿಶಾಲಾಕ್ಷಿ ಗದರಿದಳು. ಅಷ್ಟರಲ್ಲಿ ಬೆಲ್ಲಾಯಿತು.

‘ಓ, ಇದೇನು ಬಂದುಬಿಟ್ಟಿರಿ’ ಎಂದು ವಾಸು ಇಂಗ್ಲಿಷಿನಲ್ಲಿ ಹೇಳಿದ. ಹೇಳುವಾಗ ಅದು ನಿಜವಾಗಿಯೂ ಯಾಕೆ ಬಂದೆ ಎಂಬಂತೆ ಕೇಳಿಸಿತು. ಆಕಾಶ್ ಬಾಗಿಲಲ್ಲೇ ತಡವರಿಸಿ ಸ್ಮೃತಿಯ ಮುಖ ನೋಡಿದ. ಎತ್ತರದ, ಸೊರಗಿದ ಹುಡುಗ, ಎಳೆ ಗಡ್ಡ, ಶೂ ಬಿಚ್ಚುವಾಗ ಕಾಲುಚೀಲದಲ್ಲಿ ತೂತಿರುವುದು ಕಂಡು ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ನಿಂತ. ವಾಸುವಿಗೆ ಅವನ ಮೇಲೆ ಸಣ್ಣಗೆ ಪ್ರೀತಿ ಹುಟ್ಟಿತು, ಅದರಿಂದ ಭಯ ಇನ್ನಷ್ಟು ಹೆಚ್ಚಿತು. ಸ್ಮೃತಿ ಅಪ್ಪನ ತೋಳು ಹಿಡಿದು, ‘ಇವರೇ’ ಎಂದಳು, ಊರ ದೇವಸ್ಥಾನ ತೋರಿಸುವವಳಂತೆ.

ಊಟಕ್ಕೆ ಎಲ್ಲರೂ ನೆಲದ ಮೇಲೆಯೇ ಕೂತರು. ನಿನ್ನ ಕೆಲಸ ಏನಪ್ಪ ಎಂಬ ಸುಶೀಲಾಬಾಯಿಯ ಪ್ರಶ್ನೆಯನ್ನು ಸ್ಮೃತಿ ಇಂಗ್ಲಿಷಿಗೆ ದಾಟಿಸಿದಳು. ಸಿನಿಮಾದಲ್ಲಿ ಮೂಳೆ ಮುರಿಯುವ ಶಬ್ದ ಬೇಕಾದಾಗ ನಾನು ಮೈಕಿನ ಮುಂದೆ ಸೆಲರಿಯ ದಂಟು ಮುರಿಯುತ್ತೇನೆ, ಚರ್ಮ ಸುಲಿಯುವುದಕ್ಕೆ ದ್ರಾಕ್ಷಿಹಣ್ಣು ಎಂದು ಅವನು ವಿವರಿಸಿದ. ‘ಹಂಗಾರ ಕಾಯಿಪಲ್ಯಾ ಹೆಚ್ಚೂ ಕೆಲಸ’ ಎಂದು ಅಜ್ಜಿ ತೃಪ್ತಿಯಿಂದ ಮಗಳ ಕಡೆ ನೋಡಿದರು, ‘ಶುದ್ಧ ಶಾಕಾಹಾರಿ ಅದಾನ.’ ವಾಸುವಿಗೆ ನಗು ಬಂತು. ನಗುವ ಹೊತ್ತಿಗೆ ಸರಿಯಾಗಿ ಆಕಾಶ್ ಎಡೆಯ ಕಡೆ ತಿರುಗಿ, ಮಣೆಯ ಮೇಲಿದ್ದವರನ್ನು ಕಂಡ. ಸ್ಮೃತಿಯೂ ಕಂಡಳು.

ಅವಳು ಕೇಳುವ ಮೊದಲೇ ಸುಶೀಲಾಬಾಯಿ ಕೈ ಎಲೆಗೆ ಒತ್ತಿ ಶುರು ಮಾಡಿದರು. ‘ಅಂವಗ ಹೇಳವಾ. ಈ ಗೋಣಿ ಹಾಕ್ಕೊಂಡಾನಲ್ಲ, ಇಂವ ಅಕ್ಕಿ ಗಿರಣಿಯೊಳಗ ಚೀಲ ಹೊರತಿದ್ದ.’

ಸ್ಮೃತಿ ಆ ಒಂದು ವಾಕ್ಯವನ್ನು, ಎಂದಿನ ಅಭ್ಯಾಸದಲ್ಲಿ, ಹಾಗೆಯೇ ಇಂಗ್ಲಿಷಿಗೆ ಹಾಕಿದಳು. ಆಕಾಶನ ಹುಬ್ಬು ಮೇಲೇರಿತು. ಅಕ್ಕಿ ಗಿರಣಿಯಾ, ಅದು ಯಾವ ವರ್ಷನ್, ನನಗೆ ಗೊತ್ತೇ ಇಲ್ಲವಲ್ಲ ಎಂದು ವಾಸುವಿನ ಕಡೆಗೇ ನೋಡಿದ, ತಿಳಿದವರಿಂದ ತಿಳಿದುಕೊಳ್ಳುವ ಭಕ್ತಿಯಿಂದ. ವಾಸು ಸಾರಿನಲ್ಲಿ ಅನ್ನ ಕಲಸುತ್ತಿದ್ದ. ಕಲಸಿದ್ದನ್ನೇ ಕಲಸಿದ. ಅನ್ನ ಗಂಜಿಯಾಯಿತು. ‘ಲಗ್ನದ ಮಾತಿಗೆ ಹೋದರ ಹುಡುಗಿ ಇವನ ಮಾರಿ ನೋಡಿ ನಕ್ಕಳಂತ. ನಿಮ್ಮಪ್ಪಗ ಅವನ ಊರು ಕೇರಿ ಎಲ್ಲಾ ಗೊತ್ತದ’ ಎಂದು ಅಜ್ಜಿಯ ಧ್ವನಿ ನಡೆಯುತ್ತಲೇ ಇತ್ತು. ತಲೆ ಎತ್ತದೆಯೂ ಮಗಳು ತನ್ನನ್ನು ನೋಡುತ್ತಿರುವುದು ಅವನಿಗೆ ತಿಳಿಯುತ್ತಿತ್ತು, ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆಯೆಂದು ಕಣ್ಣು ಮುಚ್ಚಿದ್ದರೂ ಕೆನ್ನೆಗೆ ತಿಳಿಯುವಂತೆ. ವಿಶಾಲಾಕ್ಷಿ ಬಂದು ‘ಪಲ್ಯಾ ಹಾಕ್ಲೇನು’ ಎಂದಳು, ಬೇಡವೆನ್ನುವ ಮೊದಲೇ ಹಾಕಿದಳು.

ಆಮೇಲೆ ಸ್ಮೃತಿ ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಹೇಳತೊಡಗಿದಳು. ಅಕ್ಕಿ ಗಿರಣಿ ಅಂದದ್ದು ನನ್ನ ತಪ್ಪು, ಕಸಾಯಿಖಾನೆ ಅಂತ ಅಜ್ಜಿ ಹೇಳಿದ್ದು ಎಂದಳು. ಅವನು ತನ್ನ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ನೆಲಮಾಳಿಗೆಗೆ ಕರೆದೊಯ್ಯುವುದನ್ನು, ಆ ಗೋಣಿಯ ಒಳಗಡೆಗೆ ಅಂಟಿಸಿಕೊಂಡಿರುವುದು ಏನೆಂಬುದನ್ನು, ಅಜ್ಜಿ ಹೇಳುತ್ತಿದ್ದಾಳೆ ಎಂಬಂತೆ ಅಜ್ಜಿಯ ಮುಖ ನೋಡಿ ನೋಡಿ ಹೇಳಿದಳು. ಅಜ್ಜಿ ಕಡುಬಿನ ಆಸೆಗೆ ಬಂದಾಗ ಇವಳು ಬಾಗಿಲು ಕೆರೆಯುವ ಉಗುರಿಗೆ ಬಂದಳು. ಅಜ್ಜಿ ಸೂಲಗಿತ್ತಿಯ ಬಂಜೆತನಕ್ಕೆ ನಿಟ್ಟುಸಿರಿಟ್ಟಾಗ ಇವಳು, ಆ ನರ್ಸು ರೋಗಿಗಳು ನಿದ್ದೆ ಹೋದ ಮೇಲೆ ಅವರ ಕಣ್ಣಿನ ರೆಪ್ಪೆಗಳನ್ನು ಕತ್ತರಿಸಿ ಶೀಷೆಯಲ್ಲಿ ಕೂಡಿಡುವುದನ್ನು ಹೇಳಿದಳು. ಹೇಳುತ್ತಿದ್ದ ಸ್ಮೃತಿಯನ್ನು ಬಿಟ್ಟರೆ ಎರಡು ಭಾಷೆಗಳೂ ತಿಳಿದವರು ಅಲ್ಲಿ ಇಬ್ಬರೇ, ಗಂಡ ಹೆಂಡತಿ. ವಿಶಾಲಾಕ್ಷಿ ತುಪ್ಪದ ಮಿಳ್ಳೆ ಹಿಡಿದು ಬೆನ್ನು ತಿರುಗಿಸಿದಳು; ಅವಳ ಭುಜ ಅಲುಗುತ್ತಿತ್ತು. ವಾಸುವಿಗೆ ಮಾತ್ರ ಒಂದು ಕಿವಿಯಲ್ಲಿ ಗಂಗೊಳ್ಳಿಯ ಹೊಳೆ, ಇನ್ನೊಂದು ಕಿವಿಯಲ್ಲಿ ರಕ್ತ. ಇಷ್ಟು ವರ್ಷ ವಾರಕ್ಕೊಮ್ಮೆ ಬಟ್ಟೆಯಿಂದ ಧೂಳು ಒರೆಸಿ, ಡಬ್ಬಿಯ ಮೇಲಿನಿಂದಲೇ ನೆತ್ತಿ ಸವರಿ ಇಟ್ಟವರು ಇಂಥವರೇ ಎಂದು ತುತ್ತು ಗಂಟಲಲ್ಲೇ ನಿಂತಿತು. ಅದಕ್ಕಿಂತ ಆಳದಲ್ಲಿ ಇನ್ನೊಂದು ಸಿಕ್ಕಿಕೊಂಡಿತ್ತು: ಅವಳಿಗೆ ತಿಳಿದುಹೋಗಿದೆ. ತಿಳಿದದ್ದು ಈಗಲೋ, ಯಾವಾಗಲೋ. ತಿಳಿದೂ ತನ್ನ ಮೇಲೊಂದು ಕೊಡೆ ಹಿಡಿದು ನಿಂತಿದ್ದಾಳೆ. ಅವಳಿಗೆ ಏಳು ವರ್ಷವಾಗಿದ್ದಾಗ, ಆಗ ಕೆಲಸಕ್ಕಿದ್ದ ಹೋಟೆಲಿನ ಅಡುಗೆಮನೆಯಿಂದ ಏಪ್ರನ್ ಬಿಚ್ಚಿಟ್ಟು ಅವನು ಶಾಲೆಗೆ ಹೋಗಿದ್ದಾಗ, ಟೀಚರು ಈ ಹುಡುಗಿ ಪಾಠದ ನಡುವೆ ಒಂದು ನಿಮಿಷವೂ ಬಾಯಿ ಮುಚ್ಚುವುದಿಲ್ಲ ಎಂದದ್ದನ್ನು ‘ತುಂಬ ಚಂದ ಮಾತಾಡ್ತೆ ಅಂದ್ರ್’ ಎಂದು ಕನ್ನಡಕ್ಕೆ ದಾಟಿಸಿ ಅಪ್ಪನ ಮುಖವನ್ನೇ ನೋಡುತ್ತ ನಿಂತಿದ್ದಳು. ಅಷ್ಟು ಇಂಗ್ಲಿಷು ಅವನಿಗೆ ಆಗಲೂ ಬರುತ್ತಿತ್ತು. ಟೀಚರಿಗೆ ಥ್ಯಾಂಕ್ಯೂ ಹೇಳಿ, ದಾರಿಯಲ್ಲಿ ಐಸ್‌ಕ್ರೀಮು ಕೊಡಿಸಿದ್ದ.

ಸುಶೀಲಾಬಾಯಿ ಮದುಮಗಳನ್ನು ದೋಣಿಯಿಂದ ಬೀಳಿಸಿ ನಿಲ್ಲಿಸಿದರು. ಆಕಾಶ್ ಕಣ್ಣರಳಿಸಿ ‘ಬ್ರಿಲಿಯಂಟ್’ ಎಂದ.

ಅವರಿಗೆ ಆ ಶಬ್ದ ಗೊತ್ತಿತ್ತು. ‘ಏನ ಹೇಳಿದಿ ಇವನಿಗೆ’ ಎಂದು ಮೊಮ್ಮಗಳನ್ನು ತಡೆದರು. ‘ದೋಣಿ ಮುಳುಗಿ ಹುಡುಗಿ ಸತ್ತಳು ಅಂದರ ಬ್ರಿಲಿಯಂಟ್ ಅಂತಾನ. ಪಾಪ ಅನ್ನಬೇಕಾಗಿತ್ತು. ಕರುಳಿಲ್ಲೇನು ಈ ಹುಡುಗಗ?’

‘ಅದ ಅಮ್ಮಾ, ಅದ’ ಎಂದು ವಿಶಾಲಾಕ್ಷಿ ಅವಸರವಾಗಿ ಹೋಳಿಗೆ ಬಡಿಸಿದಳು. ‘ಗುಜರಾತಿಯವರು ಹಂಗ ಅನ್ನೋದು.’

ಆಕಾಶ್ ಕೈ ತೊಳೆಯಲೂ ಏಳದೆ, ಎಲೆಯನ್ನು ತನ್ನ ಕಡೆಗೆ ಮಡಚುವುದೋ ಆಚೆಗೆ ಮಡಚುವುದೋ ತಿಳಿಯದೆ ಹಾಗೆಯೇ ಬಿಟ್ಟು, ವಾಸುವಿನ ಕಡೆ ಸರಿದು ಕೂತ. ಅಜ್ಜಿಗೇ ಇಷ್ಟು ಗೊತ್ತಿದ್ದರೆ ನೀವು ಇನ್ನೆಷ್ಟು ನೋಡಿರಬಹುದು ಅಂಕಲ್ ಎಂದ. ಇವುಗಳಲ್ಲೆಲ್ಲ ನಿಮ್ಮನ್ನು ತುಂಬ ಹೆದರಿಸಿದ್ದು ಯಾವುದು, ನಿಜ ಹೇಳಿ.

ಕೇಳಿದ್ದು ಇಂಗ್ಲಿಷಿನಲ್ಲಿ, ಉತ್ತರ ಕೊಡುವಷ್ಟು ಇಂಗ್ಲಿಷು ವಾಸುವಿನ ಹತ್ತಿರ ಧಾರಾಳವಾಗಿತ್ತು. ‘ಅದು ಬೇರೆಯೇ ಲೆವೆಲ್ಲು’ ನಾಲಿಗೆಯ ತುದಿಯಲ್ಲಿ ಬಂದು ಕೂತಿತು. ಹುಡುಗನ ಎಳೆ ಗಡ್ಡದಲ್ಲಿ ಅನ್ನದ ಅಗುಳೊಂದು ಅಂಟಿತ್ತು. ಇವನಿಗೂ ಸುಳ್ಳು ಹೇಳಲು ಶುರು ಮಾಡಿದರೆ ಇನ್ನೆಷ್ಟು ವರ್ಷ, ಇವನ ಮಕ್ಕಳವರೆಗೂ ಹೇಳಬೇಕಾಗಬಹುದು ಎನ್ನಿಸಿ ಅವನಿಗೆ ಒಮ್ಮೆಲೇ ಆಯಾಸವಾಯಿತು. ಅವನು ಮಗಳ ಕಡೆ ತಿರುಗಿದ. ಕನ್ನಡದಲ್ಲಿ, ಮನೆಯ ಕನ್ನಡದಲ್ಲಿ, ಮೆಲ್ಲಗೆ ಹೇಳಿದ.

‘ಹೇಳ್ ಅವನಿಗೆ. ನಾನ್ ಒಂದೂ ಕಾಣ್ಲಿಲ್ಲ. ನಂಗೆ ಹೆದ್ರಿಕೆ. ಮೊದ್ಲಿಂದನೂ. ಇದ್ದದ್ದ್ ಇದ್ದ ಹಾಂಗೆ ಹೇಳ್, ಅಡ್ಡಿಲ್ಲ.’

ಸ್ಮೃತಿ ಎಲೆಯ ಅಂಚನ್ನು ಉಗುರಿನಿಂದ ಸೀಳುತ್ತ ಕೂತಳು. ಎಲೆ ನಾರುನಾರಾಗಿ ಸೀಳಿತು. ಅವಳ ಮುಖದ ಮೇಲೆ ಅವನು ಹೆದರಿದ್ದ ಆ ನೆರಳು ಬರುತ್ತದೆಯೆಂದು ಕಾದ. ಬಂದದ್ದು ಬೇರೆ. ಆಡಲು ಕೊಟ್ಟ ಸಾಮಾನನ್ನು ವಾಪಸು ಕೇಳಿದಾಗ ಚಿಕ್ಕ ಮಕ್ಕಳ ಮುಖ ಬಿಗಿಯುತ್ತದಲ್ಲ, ಕೊಡುವುದಿಲ್ಲ ಎಂದು, ಅಂಥದ್ದು.

‘ಗೋಣಿಮುಖದವನಂತೆ’ ಎಂದಳು ಆಕಾಶನಿಗೆ, ಇಂಗ್ಲಿಷಿನಲ್ಲಿ. ‘ಒಂದ್ಸಲ ನೋಡಿದ ಮೇಲೆ ವಾರಗಟ್ಟಲೆ ನಿದ್ದೆ ಬರಲಿಲ್ಲವಂತೆ. ಅಪ್ಪ ಅದನ್ನೆಲ್ಲ ಯಾರಿಗೂ ಹೇಳುವುದಿಲ್ಲ.’

ಆಕಾಶನ ಮುಖ ದೀಪ ಹಚ್ಚಿದಂತಾಗಿ, ಹಾಗಾದರೆ ನೀವು ಬರಲೇಬೇಕು ಎಂದ. ಗುರುವಾರ ಪರ್ಲಿ ವೇಯ ಥಿಯೇಟರಿನಲ್ಲಿ ಹೊಸದೊಂದು ಬರುತ್ತಿದೆ, ಅದರ ಶಬ್ದವೆಲ್ಲ ನನ್ನದೇ, ನನ್ನ ಮನೆಯವರು ಯಾರೂ ಬರುವುದಿಲ್ಲ, ಅಮ್ಮನಿಗೆ ಹೆದರಿಕೆ, ಅಪ್ಪನಿಗೆ ಅದು ಕೆಲಸವೇ ಅಲ್ಲ. ತಿಳಿದವರು ಒಬ್ಬರು ನೋಡಿ ಹೇಗಿದೆ ಅಂದರೆ ಸಾಕು ಎಂದು, ಸಾಕು ಎನ್ನುವಾಗ ತನ್ನ ತೂತಿನ ಕಾಲುಚೀಲವನ್ನು ನೋಡಿಕೊಂಡ. ಗುರುವಾರ ಶಿಫ್ಟಿದೆ ಎನ್ನಬಹುದಿತ್ತು. ವಿಶಾಲಾಕ್ಷಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ‘ಗುರುವಾರ ಅವರಿಗೆ ಆಫ್’ ಎಂದು, ಯಾರೂ ಕೇಳದಿದ್ದರೂ, ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದಳು.

‘ಬತ್ತೆ’ ಎಂದ ವಾಸು. ‘ಐ ವಿಲ್ ಕಮ್.’

ಸುಶೀಲಾಬಾಯಿ ಯಾರು ಎಲ್ಲಿಗೆ ಹೋಗುವುದು ಎಂದು ವಿಚಾರಿಸುತ್ತಿದ್ದರು. ಗದ್ದಲದ ನಡುವೆ ಸ್ಮೃತಿ ಅಪ್ಪನ ಎಲೆಯನ್ನು ತಾನೇ ಮಡಚಿ ಎತ್ತಿಕೊಂಡಳು. ಎತ್ತಲು ಬಗ್ಗಿದವಳು ಅವನ ಕಿವಿಯ ಹತ್ತಿರ ಒಂದು ಗಳಿಗೆ ಹಾಗೆಯೇ ನಿಂತು, ಆರು ವರ್ಷದವಳಾಗಿದ್ದಾಗ ಬಿಟ್ಟುಬಂದ ಕನ್ನಡದಲ್ಲಿ, ತಡವರಿಸಿ, ಒಂದೊಂದೇ ಶಬ್ದವನ್ನು ಕತ್ತಲಲ್ಲಿ ಮೆಟ್ಟಿಲು ತಡಕುವವರಂತೆ ಹುಡುಕಿ ಹೇಳಿದಳು.

‘ನೀ ಕಣ್ ಮುಚ್ಕೋ ಅಪ್ಪ. ಯಾವಾಗ ಕಣ್ ಬಿಡ್ಕ್ ಅಂತ ನಾ ಹೇಳ್ತೆ.’

ಏನಂದೆ ಎಂದು ಆಕಾಶ್ ಕೇಳಿದ.

‘ಕನ್ನಡಕ ಮರೆಯಬೇಡಿ ಅಂದೆ’ ಎಂದು ಇಂಗ್ಲಿಷಿನಲ್ಲಿ ಹೇಳಿ, ಸ್ಮೃತಿ ಎಲೆ ಹಿಡಿದುಕೊಂಡು ಹಿತ್ತಲಿಗೆ ಹೋದಳು.